ಎಡಗೈಗೊಂದು ಮೌಸು

ಕುಂಕುಮ ಹಚ್ಚಿದವಳು ನಾನೇ. ಮೌಸು ಹೇಗೆ ಕೆಟ್ಟಿತು ಎಂದು ಮಗಳು ಫೋನಿನಲ್ಲಿ ಕೇಳಿದಾಗ ಒಪ್ಪಿಕೊಂಡೆ. ದೇವರ ಕೆಲಸದಲ್ಲಿ ಆದ ತಪ್ಪಿಗೆ ಸುಳ್ಳನ್ನೂ ಸೇರಿಸುವುದು ಬೇಡ ಅನ್ನಿಸಿತು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಯಾವುದನ್ನೂ ಬಿಡುವುದಿಲ್ಲ. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಸುತ್ತಿಗೆ, ನೀರೆತ್ತುವ ಮೋಟರಿನ ಸ್ವಿಚ್ಚು, ಎಲ್ಲಕ್ಕೂ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಹೋದ ವರ್ಷ ಕಂಪ್ಯೂಟರಿಗೂ ಹಚ್ಚಿದೆ. ಪರದೆಯ ಅಂಚಿಗೆ ಒಂದು ಬೊಟ್ಟು, ಕೀಬೋರ್ಡಿಗೆ ಒಂದು ಬೊಟ್ಟು. ಮೌಸಿನ ಸರದಿ ಬಂದಾಗ ಮಗುಚಿ ನೋಡಿದೆ. ಹೊಟ್ಟೆಯ ಕೆಳಗೆ ಒಂದು ಪುಟ್ಟ ಕಿಂಡಿ, ಅದರೊಳಗೆ ಕೆಂಪಗೆ ಬೆಳಕು. ಗರ್ಭಗುಡಿಯ ನಂದಾದೀಪವನ್ನು ದೂರದಿಂದ ನೋಡಿದ ಹಾಗಿತ್ತು. ಇದರ ಜೀವ ಇರುವುದೇ ಇಲ್ಲಿ ಎಂದುಕೊಂಡು, ಗಂಧದಲ್ಲಿ ಕಲಸಿದ ಕುಂಕುಮವನ್ನು ನೇರವಾಗಿ ಆ ಕಿಂಡಿಗೇ ಇಟ್ಟೆ. ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮೇಲಿನ ಚಕ್ರಕ್ಕೂ ಹಚ್ಚಿದೆ. ನಮ್ಮ ಯಜಮಾನರು ಬಸ್ಸಿನ ಚಕ್ರಕ್ಕೆ ಹಚ್ಚುತ್ತಿದ್ದರಲ್ಲ, ಹಾಗೆ.

ಮಾರನೆಯ ದಿನ ವಿಜಯದಶಮಿ. ಅವರು ಎಂದಿನಂತೆ ಬೆಳಗ್ಗೆ ಎಂಟಕ್ಕೆ ಕಂಪ್ಯೂಟರಿನ ಮುಂದೆ ಕೂತರು. ಎಡಗೈಯಲ್ಲಿ ಮೌಸು ಹಿಡಿದು ಎಳೆದರು, ತಳ್ಳಿದರು. ಪರದೆಯ ಮೇಲಿನ ಬಾಣ ಕದಲಲಿಲ್ಲ.

“ಏನ್ ಮಾಡ್ದೆ ಇದಕ್ಕೆ?”

“ಪೂಜೆ ಮಾಡ್ದೆ ಕಣ್ರೀ.”

“ಎಲ್ಲಿಗೆ ಮಾಡ್ದೆ?”

ತೋರಿಸಿದೆ. ಅವರು ಮೌಸನ್ನು ಮಗುಚಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಡ್ರೈವರ್ ಕಣ್ಣಿಗೇ ಕುಂಕುಮ ತುಂಬ್‌ಬಿಟ್ಟಿದೀಯಲ್ಲೇ. ಇನ್ ಅವ್ನು ರೋಡ್ ಎಂಗೆ ನೋಡ್ತಾನೆ?”

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಹತ್ತಿಯಲ್ಲಿ ಒರೆಸಿದೆ, ಕಿವಿಗೆ ಹಾಕುವ ಕಡ್ಡಿಯಲ್ಲಿ ಕೆದಕಿದೆ. ಗಂಧ ಒಣಗಿ ಗಾರೆಯಂತೆ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಣ ಅಷ್ಟಿಷ್ಟು ಕದಲಿತು, ಆದರೆ ಕಪ್ಪೆಯ ಹಾಗೆ ಇಲ್ಲಿಂದ ಅಲ್ಲಿಗೆ ಹಾರುತ್ತಿತ್ತು. ಕಂಪ್ಯೂಟರಿನ ಆಟದಲ್ಲಿ ಅವರು ಓಡಿಸುವ ಬಸ್ಸು ರಸ್ತೆ ಬಿಟ್ಟು ಗೋಡೆಗೆ ಗುದ್ದಿತು. ಅವರು ಮೌಸನ್ನು ಪಕ್ಕಕ್ಕಿಟ್ಟರು. ಕೋಲು ಹಿಡಿದು ಎದ್ದು, ಒಳಗೆ ಹೋಗಿ, ಮಂಚದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು.

ಆ ಗೋಡೆಯನ್ನು ಕಂಡರೆ ನನಗೆ ಹೆದರಿಕೆ. ಯಾಕೆ ಎಂದು ಹೇಳಬೇಕು.

ನಮ್ಮವರು ಸಿಟಿ ಬಸ್ಸಿನ ಡ್ರೈವರಾಗಿದ್ದವರು. ಹುಟ್ಟಿದ್ದು ಯಲಹಂಕದ ಆಚೆಯ ಹಳ್ಳಿಯಲ್ಲಿ. ಈಗ ಅಲ್ಲೆಲ್ಲ ಅಪಾರ್ಟ್‌ಮೆಂಟು ಎದ್ದಿವೆ, ಹಳ್ಳಿ ಉಳಿದಿರುವುದು ಅವರ ಮಾತಿನಲ್ಲಿ ಮಾತ್ರ. ಮದುವೆಯಾದ ಹೊಸತರಲ್ಲೇ ವಿದ್ಯಾರಣ್ಯಪುರಕ್ಕೆ ಬಂದೆವು, ಇಲ್ಲಿಯೇ ಇದ್ದೇವೆ. ಯಲಹಂಕದಿಂದ ಯಶವಂತಪುರಕ್ಕೆ ಹೋಗುವ ಬಸ್ಸನ್ನು ಅವರು ಎಷ್ಟು ವರ್ಷ ಓಡಿಸಿದರು ಅಂದರೆ, ಆ ದಾರಿಯಲ್ಲಿ ಯಾವ ಹಳ್ಳ ಯಾವ ಮಳೆಗೆ ಬಿತ್ತು ಎಂದು ಹೇಳುತ್ತಿದ್ದರು. ನಿವೃತ್ತಿಯಾಗಿ ವರ್ಷ ತುಂಬುವುದರೊಳಗೆ, ಒಂದು ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ, ಕೈಯಿಂದ ರೇಜರ್ ಜಾರಿ ಬಿತ್ತು. ಲಕ್ವ ಹೊಡೆದಿತ್ತು.

ದೇವರು ದೊಡ್ಡವನು. ಮಾತನ್ನು ಹಿಂದಕ್ಕೆ ಕೊಟ್ಟ. ಕಾಲನ್ನು ಕೊಟ್ಟ, ಕೋಲಿನ ಜೊತೆಗಾದರೂ ಕೊಟ್ಟ. ಬಲಗೈಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ.

ಆಮೇಲಿನ ಆರು ತಿಂಗಳು ಅವರು ಆ ಗೋಡೆಯನ್ನೇ ನೋಡಿಕೊಂಡು ಮಲಗಿದ್ದರು. ಗಡ್ಡ ತೆಗೆಸಿಕೊಳ್ಳುತ್ತಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದವರನ್ನು ವಾಪಸು ಕಳಿಸಿಬಿಡುತ್ತಿದ್ದರು. ರಾಗಿಮುದ್ದೆ ತಿನ್ನುವುದನ್ನು ಬಿಟ್ಟರು. ಎಡಗೈಯಲ್ಲಿ ಮುದ್ದೆ ಮುರಿಯಲು ಅವರಿಗೆ ಮನಸ್ಸಿಲ್ಲ, ನಾನು ತಿನ್ನಿಸಲು ಹೋದರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಗುಡಿಗೆ ಬರುವುದನ್ನೂ ಬಿಟ್ಟರು. “ಎಡಗೈ ಚಾಚಿ ತೀರ್ಥ ಈಸ್ಕೊಳ್ಳಾ? ಬ್ಯಾಡ ಕಣೆ. ನೀನೇ ಓಗ್ಬಾ.” ನಾನು ಬೀದಿ ತುದಿಯ ಆಂಜನೇಯನ ಗುಡಿಗೆ ಒಬ್ಬಳೇ ಹೋಗಿ, ಆ ಕೈಗಾಗಿ ಹರಕೆ ಹೊತ್ತು, ದಿನಕ್ಕೆ ಇಪ್ಪತ್ತೊಂದು ಪ್ರದಕ್ಷಿಣೆ ಹಾಕಿ ಬರುತ್ತಿದ್ದೆ.

ನಮ್ಮ ಒಬ್ಬಳೇ ಮಗಳು ಇರುವುದು ಸಂಜಯನಗರದಲ್ಲಿ. ಅವಳು ಒಂದು ಭಾನುವಾರ ತನ್ನ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಭಜನಾ ಮಂಡಳಿಯ ಹಾಡುಗಳನ್ನು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಕೊಡಬೇಕೆಂದು ನಾನು ಬಹಳ ದಿನದಿಂದ ಹೇಳುತ್ತಿದ್ದೆ. ಮಂಡಳಿಯ ಹಿರಿಯರಿಗೆ ಪುಸ್ತಕದ ಅಕ್ಷರ ಕಾಣುವುದಿಲ್ಲ. ಅದರ ನೆಪದಲ್ಲಿ ತಂದವಳು ಅಪ್ಪನಿಗಾಗಿ ಬಸ್ಸು ಓಡಿಸುವ ಒಂದು ಆಟವನ್ನೂ ಅದರೊಳಗೆ ಹಾಕಿದ್ದಳು. ಮೌಸನ್ನು ಎಡಕ್ಕೆ ಸರಿಸಿದರೆ ಬಸ್ಸು ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ. ಒಂದು ಬಟನ್ ಒತ್ತಿದರೆ ವೇಗ, ಇನ್ನೊಂದು ಬಟನ್ ಒತ್ತಿದರೆ ಬ್ರೇಕು. ಒಂದು ಕೈ ಸಾಕು.

“ಮಕ್ಕಳಾಟ,” ಎಂದು ಅವರು ಅತ್ತ ತಿರುಗಿ ಮಲಗಿದರು. ಮಗಳು ತಾನೇ ಕೂತು ಓಡಿಸತೊಡಗಿದಳು. ಬೇಕೆಂದೇ ಕೆಟ್ಟದಾಗಿ ಓಡಿಸಿದಳೋ, ಅವಳಿಗೆ ಬರುವುದೇ ಅಷ್ಟೋ. ಹತ್ತು ನಿಮಿಷ ತಡೆದುಕೊಂಡರು. ಆಮೇಲೆ ಇತ್ತ ಹೊರಳಿದರು, ಮಂಚದಿಂದಲೇ ದನಿ ಬಂತು. “ತಿರುವಲ್ಲಿ ಅಂಗೆ ಎಳೀತಾರೇನಮ್ಮ? ಗಾಡಿ ಬಾಲ ಫುಟ್‌ಪಾತಿಗೆ ತಗುಲ್ತದೆ. ಏಳು ಅತ್ಲಾಗೆ.”

ಅವತ್ತಿನಿಂದ ಬೆಳಗ್ಗೆ ಏಳೂವರೆಗೆ ಗಡ್ಡ ತೆಗೆಸಿಕೊಳ್ಳುವುದು, ಇಸ್ತ್ರಿಯ ಅಂಗಿ ತೊಡುವುದು, ಎಂಟಕ್ಕೆ ಕೂರುವುದು. ಹನ್ನೊಂದಕ್ಕೆ ಎದ್ದು ವ್ಯಾಯಾಮ. ಊಟ, ನಿದ್ದೆ. ಮೂರರಿಂದ ಮತ್ತೆ ಒಂದು ಟ್ರಿಪ್ಪು. ನಡುವಿನ ಹೊತ್ತಿನಲ್ಲಿ ನನ್ನ ಭಜನೆ ಟೈಪಿಂಗು. ದೀಪದ ಮುಂದೆ ಕೂತು ದಿನದ ಉಪಕಾರಗಳನ್ನು ಎಣಿಸುವುದು ನನಗೆ ತಾಯಿಯಿಂದ ಬಂದ ಅಭ್ಯಾಸ. ಆ ದಿನಗಳಲ್ಲಿ ಎಣಿಸುವುದಕ್ಕೆ ಬಹಳ ಇತ್ತು. ಅವರು ಬೈದರು, ಅದೊಂದು. ಸಾರಿಗೆ ಉಪ್ಪು ಕಡಿಮೆ ಅಂದರು, ಅದೊಂದು. ಅಷ್ಟನ್ನೂ ಆ ಒಂದು ಮೌಸಿನ ಮೇಲೆ ಕೂರಿಸಿಕೊಟ್ಟಿದ್ದ ದೇವರು. ನಾನು ಹೋಗಿ ಅದಕ್ಕೇ ಕುಂಕುಮ ತುಂಬಿದೆ.

“ಆನ್‌ಲೈನಲ್ಲಿ ಹಾಕ್ತೀನಿ ಬಿಡಮ್ಮ, ನಾಳಿದ್ದು ಬರತ್ತೆ,” ಎಂದಳು ಮಗಳು. ಬೇಡ ಅಂದೆ. ಕೆಡಿಸಿದವಳು ನಾನು, ತರುವವಳೂ ನಾನೇ. ಒಂದು ಮೌಸು ತರುವುದರಲ್ಲಿ ಏನಿದೆ ಎಂದುಕೊಂಡಿದ್ದೆ.

ಮಗಳ ಮನೆಯ ಹತ್ತಿರದ ರಸ್ತೆಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇದೆ. ನಡೆಸುವವರು ನಲವತ್ತರ ಆಸುಪಾಸಿನ ಹೆಂಗಸು, ಮುಡಿಗೆ ಪೆನ್ನು ಸಿಕ್ಕಿಸಿಕೊಂಡಿರುತ್ತಾರೆ. ನಾನು ಹೋದಾಗ ಸಂಜೆಯಾಗಿತ್ತು.

“ಮೌಸು ಯಾರಿಗೆ ಆಂಟಿ, ಮಗನಿಗಾ?”

“ನಮ್ಮ ಮನೆಯವರಿಗೆ.”

“ಗೇಮಿಂಗಾ, ಇಲ್ಲ ಸುಮ್ನೆ ಮನೆ ಕೆಲಸಕ್ಕಾ?”

“ಎರಡಕ್ಕೂ. ಅವರು ಬಸ್ ಓಡಿಸ್ತಾರೆ, ನಾನು ಭಜನೆ ಟೈಪ್ ಮಾಡ್ತೀನಿ.”

ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. “ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ ಆಂಟಿ, ಇಂಥ ಆರ್ಡರ್ ಇದೇ ಫಸ್ಟು,” ಎಂದು ಹೇಳಿ, ಗಾಜಿನ ಕಪಾಟಿನಿಂದ ಒಂದೊಂದೇ ತೆಗೆದು ಇಟ್ಟರು. ಇಷ್ಟು ಬಗೆ ಇರುತ್ತವೆಂದು ನನಗೆ ಗೊತ್ತಿರಲಿಲ್ಲ. ಒಂದರ ಮೈತುಂಬ ತೂತು, ಜಾಲರಿ ಸೌಟಿನ ಹಾಗೆ. ಹಗುರ ಆಗಲಿ ಅಂತ ಹಾಗೆ ಮಾಡಿದ್ದಾರಂತೆ. ಒಂದು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಬಣ್ಣ ಬದಲಿಸುತ್ತಿತ್ತು. ಒಂದಕ್ಕೆ ವೈರಿಲ್ಲ. ಇದು ಎಷ್ಟು ಸೂಕ್ಷ್ಮ ಅಂದರೆ ಬೆರಳು ಅಲ್ಲಾಡಿದರೆ ಸಾಕು ಬಾಣ ಓಡುತ್ತೆ, ಬೇಕಾದರೆ ನಿಧಾನಕ್ಕೂ ಇಟ್ಟುಕೊಳ್ಳಬಹುದು ಎಂದು ಆಕೆ ಬಿಡಿಸಿ ಹೇಳಿದರು. ಆಮೇಲೆ ಕೇಳಿದರು:

“ಅಂಕಲ್ ಯಾವ ಕೈಯಲ್ಲಿ ಹಿಡೀತಾರೆ? ಬಲಗೈಲಾ, ಎಡಗೈಲಾ?”

ಹಳೆಯ ಮೌಸು ಎರಡೂ ಕಡೆ ಒಂದೇ ಆಕಾರದ್ದು. ಯಾವ ಕೈ ಎಂಬ ಪ್ರಶ್ನೆಯೇ ಬಂದಿರಲಿಲ್ಲ. ಅಂಗಡಿಯವರು ಕೇಳಿದ ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯ ಗುಡಿಯಲ್ಲಿ ಗಂಟೆ ಮೊಳಗಿತು. ಆಕೆಯ ಮೇಜಿನ ಮೇಲಿನ ಲಕ್ಷ್ಮಿ ಪಟದ ದೀಪ ಹೊತ್ತಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಬಾಯಿಂದ ಏನು ಬಂದರೂ ‘ಅಸ್ತು’ ಅಂದುಬಿಡುತ್ತಾರೆ, ಅದಕ್ಕೇ ಆ ಹೊತ್ತಿನಲ್ಲಿ ಕೆಟ್ಟದ್ದನ್ನು ಆಡಬಾರದು ಎಂದು ನಮ್ಮಮ್ಮ ನಮ್ಮನ್ನು ಬೆಳೆಸಿದ್ದು. ಎಡಗೈ ಎಂದು ಹೇಗೆ ಹೇಳಲಿ? ಹೇಳಿದರೆ, ಅವರ ಬಲಗೈ ಇನ್ನು ಬೇಡ ಎಂದು ನಾನೇ ಸಹಿ ಹಾಕಿಕೊಟ್ಟ ಹಾಗಲ್ಲವೇ? ಅಷ್ಟು ಪ್ರದಕ್ಷಿಣೆ ಹಾಕಿದ್ದು ಏನಾಗಬೇಕು?

“ಬಲಗೈ,” ಎಂದೆ.

ಆಕೆ ಕೊಟ್ಟದ್ದು ಬಲಗೈಗೆಂದೇ ಮಾಡಿದ್ದ ಮೌಸು. ಹೆಬ್ಬೆರಳು ಕೂರುವ ಕಡೆ ಒಳಕ್ಕೆ ಬಾಗಿದೆ, ಅಲ್ಲೇ ಎರಡು ಪುಟ್ಟ ಬಟನ್ನು. ಒಂದು ಕಡೆಗೆ ವಾಲಿಕೊಂಡ ಬೆನ್ನು. ಬಲಗೈ ಇಟ್ಟು ನೋಡಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ, ಅವರ ಕೈಯೂ ಹೀಗೇ ಬಂದು ಇದರ ಮೇಲೆ ಕೂರುತ್ತದೆ ಎಂಬ ನಂಬಿಕೆ ಬಂತು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಅವರ ಬಲಗೈಯನ್ನೇ ನೆನೆದೆ.

ಅಂಗೈಯ ಬುಡದಲ್ಲಿ ಸ್ಟೀರಿಂಗು ತಿಕ್ಕಿ ತಿಕ್ಕಿ ಒಂದು ಗಂಟು ಕಟ್ಟಿತ್ತು. ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯಲ್ಲಿ ಡೀಸೆಲ್ಲಿನ ವಾಸನೆ ಉಳಿಯುತ್ತಿತ್ತು. ಶುಕ್ರವಾರ ಯಶವಂತಪುರದಿಂದ ಮಲ್ಲಿಗೆ ತರುತ್ತಿದ್ದರು, ಒದ್ದೆ ಬಾಳೆ ಎಲೆಯಲ್ಲಿ ಸುತ್ತಿ. ಆ ಒರಟು ಬೆರಳಲ್ಲಿ ಅಷ್ಟು ನಾಜೂಕಾಗಿ ಕಟ್ಟು ಬಿಚ್ಚುತ್ತಿದ್ದರು. ಆಯುಧಪೂಜೆಯ ದಿನ ಡಿಪೋದಲ್ಲಿ ಒಂದೇ ಏಟಿಗೆ ಕಾಯಿ ಒಡೆಯುತ್ತಿದ್ದ ಕೈ ಅದು.

ಇನ್ನೊಂದಿದೆ. ನಮ್ಮ ಬೀದಿಯ ತುದಿಯಲ್ಲೇ ಬಸ್ಸಿನ ದಾರಿ. ಮಧ್ಯಾಹ್ನ ನಾಲ್ಕೂಕಾಲಕ್ಕೆ ಅವರ ಕೊನೆಯ ಟ್ರಿಪ್ಪು ಅಲ್ಲಿಂದ ಹಾದುಹೋಗುವಾಗ ಎರಡು ಸಲ ಸಣ್ಣಗೆ ಹಾರನ್ ಒತ್ತುತ್ತಿದ್ದರು. ಬೇರೆ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ನಾನು ಕೈಯ ಕೆಲಸ ಬಿಟ್ಟು ಗೇಟಿನ ಹತ್ತಿರ ಓಡುತ್ತಿದ್ದೆ. ಅವರು ಈ ಕಡೆ ತಿರುಗಿ ನೋಡುತ್ತಿರಲಿಲ್ಲ, ಡ್ಯೂಟಿಯಲ್ಲಿ ಇರುವವರು ರಸ್ತೆ ಬಿಟ್ಟು ಬೇರೆ ಕಡೆ ನೋಡಬಾರದು. ಕಿಟಕಿಯ ಆಚೆ ಬಲಗೈ ಮಾತ್ರ ಮೇಲೆದ್ದು ಇಳಿಯುತ್ತಿತ್ತು. ಅಷ್ಟೇ. ನಾನು ಒಳಗೆ ಬಂದು ಡಿಕಾಕ್ಷನ್ನಿಗೆ ನೀರು ಇಡುತ್ತಿದ್ದೆ. ಬಸ್ಸನ್ನು ಡಿಪೋಗೆ ಬಿಟ್ಟು ಅವರು ಮನೆಗೆ ಬರುವುದಕ್ಕೂ ಕಾಫಿ ಇಳಿಯುವುದಕ್ಕೂ ಸರಿಯಾಗುತ್ತಿತ್ತು.

ಕಂಪ್ಯೂಟರಿನ ಬಸ್ಸಿಗೂ ಹಾರನ್ ಇದೆ. ಆದರೆ ಅದು ಕೀಬೋರ್ಡಿನಲ್ಲಿದೆ. ಅದನ್ನು ಒತ್ತಬೇಕಾದರೆ ಮೌಸು ಬಿಡಬೇಕು, ಮೌಸು ಬಿಟ್ಟರೆ ಬಸ್ಸು ಚರಂಡಿಗೆ. “ಆರನ್ ಇಲ್ದ ಡ್ರೈವರ್ ಆಗೋದೆ ಕಣೆ,” ಎಂದು ಒಂದು ದಿನ ಹೇಳಿದ್ದರು.

ಹೊಸ ಮೌಸನ್ನು ಡಬ್ಬದಿಂದ ತೆಗೆದು ಅವರ ಮುಂದೆ ಇಟ್ಟೆ. ಅವರ ಕಣ್ಣು ಸ್ವಲ್ಪ ಹೊತ್ತು ಅದರ ವಾಲಿದ ಬೆನ್ನಿನ ಮೇಲೆ ನಿಂತಿತು. ಆಮೇಲೆ ಎಡಗೈಯನ್ನೇ ಅದರ ಮೇಲೆ ಇಟ್ಟರು. “ಚೆನ್ನಾಗೈತೆ. ಒಳ್ಳೆ ಗಾಡಿ ತಂದಿದೀಯ.”

ನಾನು ಒಂದು ದಿನ ಬಿಟ್ಟು ಬೆಳಗ್ಗೆ ಅವರ ಬಲಗೈಯನ್ನು ಎತ್ತಿ ಮೌಸಿನ ಮೇಲೆ ಇಟ್ಟು, ಬೆರಳು ಬಿಡಿಸಿ ಕೂರಿಸಲು ನೋಡಿದೆ. ಅವರು ಸುಮ್ಮನೆ ಕೂತಿದ್ದರು, ಮಗುವಿಗೆ ಅಂಗಿ ತೊಡಿಸುವಾಗ ಮಗು ಕೂರುವ ಹಾಗೆ. ಬಾಣ ಪರದೆಯ ನಡುವೆ ನಿಂತಲ್ಲೇ ನಿಂತಿತ್ತು. ನಾನು ಕೈ ತೆಗೆದ ಮೇಲೆ ಆ ಬೆರಳುಗಳು ಮತ್ತೆ ಮಡಚಿಕೊಂಡವು.

ವಾರ ಕಳೆಯುವುದರೊಳಗೆ ಎಂಟು ಗಂಟೆ ಎಂಟೂವರೆ ಆಯಿತು, ಆಮೇಲೆ ಒಂಬತ್ತಾಯಿತು. ಮಧ್ಯಾಹ್ನದ ಟ್ರಿಪ್ಪು ನಿಂತೇಹೋಯಿತು. ಕೇಳಿದರೆ “ಕಣ್ಣುರಿ,” “ಸೊಂಟ ನೋಯ್ತದೆ.” ಒಂದು ದಿನ ಗಡ್ಡ ತೆಗೆಯಲು ನೀರು ಕಾಯಿಸಿ ತಂದರೆ, “ಇವತ್ತು ಬ್ಯಾಡ ಬಿಡು,” ಎಂದು ಗೋಡೆಯ ಕಡೆ ತಿರುಗಿದರು. ಆ ನೀರನ್ನು ಹಾಗೇ ಚೆಲ್ಲಲು ನನ್ನಿಂದ ಆಗಲಿಲ್ಲ. ಅದರಲ್ಲೇ ಪಾತ್ರೆ ತೊಳೆದೆ.

ಅವರು ನಿದ್ದೆ ಹೋದ ಮೇಲೆ ನಾನು ಅವರ ಕುರ್ಚಿಯಲ್ಲಿ ಕೂತೆ. ಯಾಕೆ ಹಾಗೆ ಮಾಡಬೇಕು ಅನ್ನಿಸಿತೋ. ಬಲಗೈಯನ್ನು ಅವರ ಹಾಗೆ ತೊಡೆಯ ಮೇಲೆ ಮಡಚಿ ಇಟ್ಟುಕೊಂಡೆ. ಎಡಗೈಯಲ್ಲಿ ಮೌಸು ಹಿಡಿದು ಬಸ್ಸು ಓಡಿಸಲು ನೋಡಿದೆ. ಹೆಬ್ಬೆರಳಿಗೆಂದು ಮಾಡಿದ ತಗ್ಗಿಗೆ ಕಿರುಬೆರಳು ಬಂದು ಬಿತ್ತು. ಉಬ್ಬಿದ ಕಡೆ ಹೆಬ್ಬೆರಳಿಗೆ ಜಾಗವೇ ಇಲ್ಲ. ಎಳೆದಾಗಲೆಲ್ಲ ಕಿರುಬೆರಳು ಪಕ್ಕದ ಬಟನ್ನನ್ನು ತಾನಾಗಿ ಒತ್ತಿಬಿಡುತ್ತಿತ್ತು, ಒತ್ತಿದರೆ ರಸ್ತೆ ಮಾಯವಾಗಿ ಬಸ್ಸಿನ ಮೇಲ್ಛಾವಣಿ ಕಾಣಿಸುತ್ತಿತ್ತು. ಎರಡು ನಿಮಿಷಕ್ಕೆ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಹತ್ತಿತು. ಬಸ್ಸು ಮೋರಿಗೆ ಇಳಿದು ಓರೆಯಾಗಿ ನಿಂತಿತು.

ಅವರು ಎರಡು ವಾರ ಇದನ್ನು ಹಿಡಿದುಕೊಂಡು ಚೆನ್ನಾಗೈತೆ ಅಂದಿದ್ದರು. ನನ್ನ ಹರಕೆಗೆ ನೋವಾಗದಿರಲಿ ಎಂದು.

ಕುರ್ಚಿಯಿಂದ ಎದ್ದು ದೇವರ ಮನೆಗೆ ಹೋಗಿ ನಿಂತೆ. ಆಂಜನೇಯ ನನ್ನನ್ನು ಏನೂ ಕೇಳಿರಲಿಲ್ಲ, ಬಲಗೈ ಮೌಸು ತಾ ಎಂದೂ ಹೇಳಿರಲಿಲ್ಲ. ನಾನೇ ಅವನ ಪರವಾಗಿ ಹಟ ಹಿಡಿದಿದ್ದೆ. ಇರುವ ಕೈಯನ್ನು ಉಪವಾಸ ಕೆಡವಿ, ಇಲ್ಲದ ಕೈಗೆ ಎಡೆ ಇಟ್ಟಿದ್ದೆ.

ಹಿಂದೆ ನಮ್ಮ ಮಾವನವರಿಗೆ ಚಪ್ಪಲಿ ತರಬೇಕಾದರೆ ಹಳೆಯ ಪೇಪರಿನ ಮೇಲೆ ಅವರ ಪಾದ ಇಡಿಸಿ, ಸುತ್ತ ಗೆರೆ ಎಳೆದುಕೊಂಡು ಅಂಗಡಿಗೆ ಒಯ್ಯುತ್ತಿದ್ದೆವು. ಅದು ನೆನಪಾಯಿತು. ಅವರು ಎದ್ದ ಮೇಲೆ ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆಯನ್ನೂ ಪೆನ್ಸಿಲನ್ನೂ ತಂದೆ.

“ಕೈ ಇಡಿ ಇದರ ಮೇಲೆ.”

“ಏನು, ಕೈಗೆ ಚಪ್ಪಲಿ ತರ್ತೀಯಾ?”

“ಇಡಿ ಅಂದೆ ಅಷ್ಟೆ.”

ಎಡಗೈ ಇಟ್ಟರು. ಬೆರಳು ಬೆರಳಿನ ಸಂದಿಯಲ್ಲಿ ಪೆನ್ಸಿಲು ಹೋಗುವಾಗ ಕಚಗುಳಿಯಾಯಿತೇನೋ, ಎಷ್ಟೋ ದಿನದ ಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. ಗೆರೆ ಮುಗಿದ ಮೇಲೆ ನಾನು ಬಲಗೈಯನ್ನೂ ಎತ್ತಿ ಹಾಳೆಯ ಇನ್ನೊಂದು ಪಕ್ಕಕ್ಕೆ ಇಟ್ಟೆ.

“ಅದ್ಯಾಕೆ?”

“ಇರಲಿ.”

ಬೆರಳು ಬಿಡಿಸಲಾಗಲಿಲ್ಲ. ಸುತ್ತ ಎಳೆದ ಗೆರೆ ಒಂದು ಆಲೂಗೆಡ್ಡೆಯ ಆಕಾರಕ್ಕೆ ಬಂತು. ಅವರು ಅದನ್ನು ನೋಡಿದರು, ನಾನೂ ನೋಡಿದೆ. “ಬಿಡು ಬಿಡು, ಅದೂ ನಮ್ದೇಯ,” ಎಂದರು.

ಈ ಸಲ ಬೆಳಗ್ಗೆಯೇ ಅಂಗಡಿಗೆ ಹೋದೆ. ಡಬ್ಬ ಜೋಪಾನವಾಗಿ ಇಟ್ಟಿದ್ದರಿಂದ ಬದಲಾಯಿಸಿ ಕೊಡಲು ಆಕೆ ಒಪ್ಪಿದರು. ಕ್ಯಾಲೆಂಡರಿನ ಹಾಳೆಯನ್ನು ಕೌಂಟರಿನ ಮೇಲೆ ಹರಡಿದೆ. ಆಕೆ ಎರಡು ಚಿತ್ರಗಳನ್ನೂ ನೋಡಿ ಮುಡಿಯಿಂದ ಪೆನ್ನು ತೆಗೆದರು. ಮತ್ತೆ ಸಿಕ್ಕಿಸಿಕೊಂಡರು.

“ಅವತ್ತು ಬಲಗೈ ಅಂದ್ರಿ.”

“ಅವತ್ತು ಹೇಳೋಕೆ ಆಗಲಿಲ್ಲಮ್ಮ. ಎಡಗೈಗೆ ಕೊಡಿ.”

ಹೇಳಿಬಿಟ್ಟೆ. ಹಗಲ ಬೆಳಕಿನಲ್ಲಿ ಅದು ಅಂಥ ದೊಡ್ಡ ಮಾತೇನೂ ಆಗಿ ಕೇಳಿಸಲಿಲ್ಲ. ಪಕ್ಕದಲ್ಲಿ ಚಾರ್ಜರ್ ಕೊಳ್ಳುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

“ಎಡಗೈಗೆ ಅಂತಲೇ ಮಾಡಿರೋದು ಬರೋದು ಕಮ್ಮಿ ಆಂಟಿ. ಆದ್ರೆ ಎರಡೂ ಕೈಗೆ ಆಗೋದು ಇದೆ. ಕೂತ್ಕೊಳಿ, ಒಂದೊಂದಾಗಿ ನೋಡೋಣ. ನಮ್ಮಪ್ಪನೂ ಎಡಚನೇ,” ಎಂದು ಸ್ಟೂಲು ಎಳೆದು ಕೊಟ್ಟರು. ಒಂದೊಂದನ್ನೂ ನನ್ನ ಕೈಗೆ ಕೊಡಲು ಬಂದಾಗ ಅಭ್ಯಾಸದಂತೆ ನನ್ನ ಬಲಗೈ ಮುಂದೆ ಬರುತ್ತಿತ್ತು. ಆಕೆ ಅದಲ್ಲ ಎಂದು ತಲೆ ಆಡಿಸುತ್ತಿದ್ದರು. ಹುಟ್ಟಿದಾಗಿನಿಂದ ಯಾರಿಗೂ ಒಂದು ಹೂವನ್ನೂ ಎಡಗೈಯಲ್ಲಿ ಕೊಟ್ಟವಳಲ್ಲ, ಈಸಿಕೊಂಡವಳಲ್ಲ. ಕೊನೆಗೆ ಎಡಗೈಯನ್ನೇ ಚಾಚಿದೆ.

ಒಂದು ಅವರ ಅಂಗೈಗೆ ಚಿಕ್ಕದು, ಚಿತ್ರದ ಮೇಲೆ ಇಟ್ಟು ನೋಡಿದರೆ ಬೆರಳೆಲ್ಲ ಹೊರಗೆ. ಇನ್ನೊಂದು ಕ್ಲಿಕ್ ಮಾಡಿದರೆ ಅಡಿಕೆ ಕತ್ತರಿಸಿದ ಹಾಗೆ ಸದ್ದು. ತೂತಿನದು ಬೇಡ ಅಂದೆ, ಕುಂಕುಮ ಹಚ್ಚುವ ಮನೆ ನಮ್ಮದು. ಆಕೆಗೆ ನಗು ತಡೆಯಲಾಗಲಿಲ್ಲ. ಆರನೆಯದೋ ಏಳನೆಯದೋ, ಕಪ್ಪಗೆ, ಬೆನ್ನು ಸಮವಾಗಿ ಉಬ್ಬಿದ, ಬೇಕರಿಯ ಬನ್ನಿನಂಥ ಮೌಸು. ಎರಡು ಪಕ್ಕಕ್ಕೂ ಎರಡೆರಡು ಪುಟ್ಟ ಬಟನ್ನು. ಬೇಡವಾದ ಪಕ್ಕದ್ದನ್ನು ಆಫ್ ಮಾಡಿಟ್ಟುಬಿಡಬಹುದಂತೆ, ಬೇಕಾದ ಪಕ್ಕದ್ದಕ್ಕೆ ಯಾವ ಕೆಲಸ ಬೇಕಾದರೂ ಹಚ್ಚಬಹುದಂತೆ. ಚಿತ್ರದ ಎಡಗೈಯ ಮೇಲೆ ಇಟ್ಟೆ. ಅಂಗೈಯ ನಡುವೆ ಬಂದು ಕೂತಿತು. ಆಕೆ ಅದನ್ನು ತೆಗೆದು ಆಲೂಗೆಡ್ಡೆಯಂಥ ಇನ್ನೊಂದು ಗೆರೆಯ ಮೇಲೆ ಒಂದು ಸಲ ಇಟ್ಟು, ಮತ್ತೆ ತೆಗೆದು ಡಬ್ಬಕ್ಕೆ ಹಾಕಿದರು. ಆ ಹೆಂಗಸಿಗೆ ದೇವರು ಒಳ್ಳೆಯದು ಮಾಡಲಿ. ಅವತ್ತಿನ ದೀಪದ ಮುಂದಿನ ಎಣಿಕೆಯಲ್ಲಿ ಆಕೆಯನ್ನೂ ಸೇರಿಸಿದೆ.

ಭಾನುವಾರ ಮಗಳು ಬಂದು ಎಲ್ಲ ಸರಿ ಹೊಂದಿಸಿದಳು. ಎಡಗೈಯ ತೋರುಬೆರಳು ಬೀಳುವುದು ಬಲಗಡೆಯ ಬಟನ್ನಿನ ಮೇಲೆ. ಅದನ್ನೇ ವೇಗಕ್ಕೆ ಇಡಲೇ ಎಂದು ಕೇಳಿದಳು. “ಬಸ್ಸಲ್ಲೂ ಆಕ್ಸಿಲೇಟರ್ ಬಲಕ್ಕೇ ಅಲ್ವೇನಮ್ಮ? ಇಡು.” ಅದರಿಂದ ನನಗೇ ಫಜೀತಿ. ಭಜನೆ ಟೈಪ್ ಮಾಡಲು ಕೂತರೆ ಎಲ್ಲ ಬಟನ್ನೂ ಅದಲು ಬದಲು. ಎರಡು ದಿನ ಬೈದುಕೊಂಡೆ, ಮೂರನೆಯ ದಿನ ನಾನೂ ಎಡಗೈಯಲ್ಲೇ ಹಿಡಿದೆ. ದೇವರ ಹಾಡು ಎಡಗೈಯಲ್ಲಿ ಎಂದು ಮೊದಲು ಮನಸ್ಸು ಅಳುಕಿತು. ಹಾಳೆಯ ಮೇಲೆ ಅಕ್ಷರ ನೆಟ್ಟಗೇ ಬಂದವು.

ಅಪ್ಪನೂ ಮಗಳೂ ಅವತ್ತು ಇನ್ನೂ ಏನೋ ಗುಸುಗುಸು ಮಾಡುತ್ತಿದ್ದರು. ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಕೇಳಲಿಲ್ಲ. ಎಂಟಕ್ಕೆ ಮತ್ತೆ ಇಸ್ತ್ರಿಯ ಅಂಗಿ ತೊಟ್ಟು ಕೂರತೊಡಗಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಅದಾಗಿ ನಾಲ್ಕೈದು ದಿನ. ಅವರೆಕಾಯಿ ಬರಲು ಶುರುವಾಗಿತ್ತು. ಮಧ್ಯಾಹ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಸೊಗಡಿನ ಕಾಯಿ ಸುಲಿಯುತ್ತಿದ್ದೆ. ಮನಸ್ಸು ಎಲ್ಲೋ ಇತ್ತು. ಎರಡು ಸಲ ಸಣ್ಣಗೆ ಹಾರನ್ ಕೇಳಿಸಿತು.

ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿದವು. ಎದ್ದವಳು ಅಂಗಳಕ್ಕೆ ಬಂದು, ಗೇಟಿನ ಚಿಲಕ ತೆಗೆದು, ಬೀದಿಯ ತುದಿ ನೋಡುತ್ತ ನಿಂತಿದ್ದೆ. ಅಲ್ಲಿ ಬಸ್ಸು ಇರಲಿಲ್ಲ. ಯಾರದೋ ಸ್ಕೂಟರಿನ ಮೇಲೆ ಬೆಕ್ಕು ಮಲಗಿತ್ತು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗುತ್ತಿದ್ದವು. ನಾನು ಗೇಟಿಗೆ ಬಂದು ನಿಲ್ಲದೆ ಎಷ್ಟು ವರ್ಷವಾಗಿತ್ತೋ.

ಮತ್ತೆ ಎರಡು ಸಲ. ನನ್ನ ಬೆನ್ನ ಹಿಂದಿನಿಂದ, ಮನೆಯ ಒಳಗಿನಿಂದ.

ತಿರುಗಿದೆ. ಹಜಾರದ ಕಿಟಕಿಯಲ್ಲಿ ಅವರ ಬೆನ್ನು ಕಾಣುತ್ತಿತ್ತು. ಹೆಬ್ಬೆರಳಿನ ಕೆಳಗಿನ ಬಟನ್ನಿಗೆ ಮಗಳ ಕೈಯಲ್ಲಿ ಹಾರನ್ ಹಾಕಿಸಿಕೊಂಡಿದ್ದರು. ಮುಂದಿನ ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಅವರು ಈ ಕಡೆ ತಿರುಗಲಿಲ್ಲ. ಡ್ಯೂಟಿಯಲ್ಲಿದ್ದರು, ಕಣ್ಣು ರಸ್ತೆಯ ಮೇಲಿತ್ತು. ಎಡಗೈ ಮೌಸಿನ ಮೇಲೆ, ಬಲಗೈ ತೊಡೆಯ ಮೇಲೆ. ನಾನು ಚಿಲಕ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ ಬಲಗೈ ಮೇಲೇಳುತ್ತದೆ ಎಂದು ಕಾಯುತ್ತಿದ್ದೆ ಎಂಬುದು ನನಗೆ ತಿಳಿದದ್ದು ಅದು ಏಳದೇ ಇದ್ದಾಗ.

“ಕಾಪಿಗೆ ಇಟ್ಯೇನೇ?” ಎಂದು ಒಳಗಿನಿಂದ ಕೂಗಿದರು.

“ಇಡ್ತಾ ಇದೀನಿ ಕಣ್ರೀ.”

ಗೇಟು ಹಾಕಿಕೊಂಡು ಒಳಗೆ ಹೋದೆ. ನೆಲದ ಮೇಲಿನ ಕಾಳನ್ನು ದಾಟಿಕೊಂಡು ಹೋಗಿ, ಡಿಕಾಕ್ಷನ್ನಿಗೆ ನೀರು ಇಟ್ಟೆ.